ಶಾಸನ ಸಂಪುಟ ನೋಡುವ ಕ್ರಮ ಗೊತ್ತೇ? ರೈಸ್ ತೋರಿಸಿದ ದಾರಿ ಕೋಡಿಂಗ್ ಕಲಿಯುವವರಿಗೂ ಬೇಕು

ನಮ್ಮೂರಿನ ಶಾಸನದಲ್ಲಿ ಹೀಗಿದೆ ಎನ್ನುವ ಮೆಸೇಜು ಹಾಸನ, ಹೊಳೆನರಸೀಪುರ, ಅರಕಲಗೂಡು ಅಥವಾ ಚನ್ನರಾಯಪಟ್ಟಣದ ವಾಟ್ಸಾಪ್ ಗುಂಪಿಗೆ ಬಂದರೆ, ನಿಜವೋ ಸುಳ್ಳೋ ಎಂದು ನೋಡುವುದು ಹೇಗೆ? ಅದಕ್ಕೆ ದಾರಿ ಮಾಡಿಕೊಟ್ಟವರು ಬಿ.ಎಲ್. ರೈಸ್.

ಬೆಂಜಮಿನ್ ಲೂಯಿಸ್ ರೈಸ್ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ತಂದೆ ಮಿಷನರಿ. ರೈಸ್ ಸೇರಿದ್ದು ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆ. ಶಾಲೆಗಳ ತಪಾಸಣೆಗೆ ಊರೂರು ಸುತ್ತುವಾಗ ಕಂಡ ಕಲ್ಲುಬರಹಗಳು ಅವರನ್ನು ಹಿಡಿದವು. ಮುಂದೆ ಸಂಸ್ಥಾನದ ಪುರಾತತ್ವ ಸಂಶೋಧನೆಯ ಹೊಣೆ ಹೊತ್ತು, 1886ರಿಂದ ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳನ್ನು ತಂದರು. ಅವುಗಳಲ್ಲಿ ಸುಮಾರು 9,000 ಶಾಸನಗಳಿವೆ. 1906ರಲ್ಲಿ ನಿವೃತ್ತರಾಗಿ, 1927ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು. ಕನ್ನಡಿಗರು ಅವರನ್ನು ಶಾಸನ ಪಿತಾಮಹ ಎಂದು ನೆನೆಯುತ್ತಾರೆ.

ಇಷ್ಟೊಂದು ಶಾಸನಗಳನ್ನು ಮೊದಲ ಪುಟದಿಂದ ಯಾರೂ ಓದುವುದಿಲ್ಲ. ಬೇಕಾದ್ದನ್ನು ಹುಡುಕಿ ತೆಗೆಯಬೇಕು. ರೈಸ್ ಮಾಡಿದ ವ್ಯವಸ್ಥೆ ಸರಳ: ಜಿಲ್ಲೆಗೆ ಸಂಪುಟ, ತಾಲ್ಲೂಕಿಗೆ ವಿಭಾಗ, ಪ್ರತಿ ಶಾಸನಕ್ಕೂ ಸಂಖ್ಯೆ. ಹಾಸನ ಜಿಲ್ಲೆಯದು 1902ರ ಐದನೇ ಸಂಪುಟ. ಮೂಲಪಾಠ ಒಂದೆಡೆ, ಇಂಗ್ಲಿಷ್ ಅನುವಾದ ಇನ್ನೊಂದೆಡೆ. ಹಳಗನ್ನಡ ಕಷ್ಟವಾದವರು ಅನುವಾದದಿಂದ ಶುರು ಮಾಡಿ, ಅದೇ ಸಂಖ್ಯೆ ಹಿಡಿದು ಮೂಲಕ್ಕೆ ಹೋಗಬಹುದು.

ಒಂದು ಎಚ್ಚರಿಕೆ: ಯಾವ ಮುದ್ರಣ ಎಂದು ನೋಡಿಕೊಳ್ಳಿ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ರೈಸ್ ಪ್ರತ್ಯೇಕ ಸಂಪುಟವನ್ನೇ ಕೊಟ್ಟರು. 1889ರ ಆ ಸಂಪುಟದಲ್ಲಿ 144 ಶಾಸನಗಳಿದ್ದವು. ರೈಸ್ ನಂತರ ಬಂದ ಆರ್. ನರಸಿಂಹಾಚಾರ್ 1923ರಲ್ಲಿ ಪರಿಷ್ಕರಿಸಿದಾಗ 500 ಆದವು, ಸಂಖ್ಯೆಗಳೂ ಬದಲಾದವು. ಮುದ್ರಣ ಹೇಳದೆ ಸಂಖ್ಯೆ ಮಾತ್ರ ಕೊಟ್ಟರೆ ಬೇರೆಯದೇ ಕಲ್ಲಿನ ಮುಂದೆ ನಿಲ್ಲುತ್ತೀರಿ.

ಪೈಥಾನ್‌ನಂಥ ಪ್ರೋಗ್ರಾಮಿಂಗ್ ಭಾಷೆಯ ಡಾಕ್ಯುಮೆಂಟೇಶನ್ ನೋಡುವ ಕ್ರಮವೂ ಇದೇ. ಅದನ್ನು ಪೂರ್ತಿ ಬಾಯಿಪಾಠ ಮಾಡಬೇಕು ಎನ್ನುವುದು ತಪ್ಪು ಕಲ್ಪನೆ. ಹೊಸಬರಿಗೆ ಟ್ಯುಟೋರಿಯಲ್ ಇದೆ, ಭಾಷೆಯ ನಿಯಮಗಳಿಗೆ ಲ್ಯಾಂಗ್ವೇಜ್ ರೆಫರೆನ್ಸ್, ಸಿದ್ಧ ಫಂಕ್ಷನ್‌ಗಳಿಗೆ ಲೈಬ್ರರಿ ರೆಫರೆನ್ಸ್, ಹೆಸರು ಗೊತ್ತಿದ್ದರೆ ಇಂಡೆಕ್ಸ್. ಮೊದಲು ಪುಟದ ಮೇಲ್ಭಾಗದಲ್ಲಿ ವರ್ಶನ್ ನೋಡಿ. ಪೈಥಾನ್ 2ರಲ್ಲಿ 7 / 2 ಎಂದರೆ 3 ಬರುತ್ತಿತ್ತು, ಪೈಥಾನ್ 3ರಲ್ಲಿ 3.5 ಬರುತ್ತದೆ. ಹಳೆಯ ಪುಟ ನೋಡಿ ಬರೆದ ಲೆಕ್ಕ ಹೊಸದರಲ್ಲಿ ತಪ್ಪುತ್ತದೆ.

ಇನ್ನು ಮುಂದೆ ಶಾಸನದ ಹೆಸರಿನ ಮೆಸೇಜು ಬಂದರೆ ಸಂಪುಟ, ತಾಲ್ಲೂಕು, ಸಂಖ್ಯೆ, ಮುದ್ರಣ ಈ ನಾಲ್ಕನ್ನು ಕೇಳಿ. ಉತ್ತರ ಬಂದರೆ ತೆರೆದು ನೋಡಿ. ಬಾರದಿದ್ದರೆ ಫಾರ್ವರ್ಡ್ ಮಾಡಬೇಡಿ.