ಬೆಳಕಿನಲ್ಲಿ ಮಾತು ಕಳಿಸಿದ ಗ್ರಹಾಂ ಬೆಲ್

ಅಲೆಕ್ಸಾಂಡರ್ ಗ್ರಹಾಂ ಬೆಲ್ ಅಂದರೆ ಟೆಲಿಫೋನ್ ಕಂಡುಹಿಡಿದವರು ಅಂತ ನಮಗೆಲ್ಲಾ ಗೊತ್ತು. ಆದರೆ ಅವರಿಗೆ ಟೆಲಿಫೋನಿಗಿಂತ ಇನ್ನೊಂದು ಯಂತ್ರದ ಮೇಲೆ ಹೆಚ್ಚು ಹೆಮ್ಮೆ ಇತ್ತು. ಅದರ ಹೆಸರು ಫೋಟೋಫೋನ್.

ಬೆಲ್ 1847ನೇ ಇಸವಿ ಮಾರ್ಚ್ 3ರಂದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿದರು. ತಾಯಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅಣ್ಣ, ತಮ್ಮ ಇಬ್ಬರೂ ಕ್ಷಯರೋಗದಿಂದ ತೀರಿಕೊಂಡರು. ಇವನೊಬ್ಬನಾದರೂ ಉಳಿಯಲಿ ಅಂತ ತಂದೆತಾಯಿ 1870ರಲ್ಲಿ ಕೆನಡಾ ದೇಶಕ್ಕೆ ಕರೆದುಕೊಂಡು ಹೋದರು. ಆಮೇಲೆ ಬೆಲ್ ಅಮೆರಿಕದ ಬಾಸ್ಟನ್‌ನಲ್ಲಿ ಕಿವುಡ ಮಕ್ಕಳಿಗೆ ಮಾತು ಕಲಿಸುವ ಮೇಷ್ಟ್ರಾದರು. ಕಿವುಡರು ಕೈಸನ್ನೆ ಬಿಟ್ಟು ಬಾಯಲ್ಲೇ ಮಾತಾಡಬೇಕು ಅಂತ ಅವರು ಹಟ ಹಿಡಿದದ್ದು ಮಾತ್ರ ನನಗೆ ಸರಿ ಅನ್ನಿಸಲಿಲ್ಲ. ಶಿಷ್ಯೆ ಮೇಬಲ್ ಅವರನ್ನು ಮದುವೆಯಾದರು. ಚಿಕ್ಕಂದಿನಲ್ಲಿ ಜ್ವರ ಬಂದು ಆಕೆಯ ಕಿವಿ ಹೋಗಿತ್ತು. ಟೆಲಿಫೋನ್ ಮಾಡಿದವರ ಹೆಂಡತಿಗೇ ಟೆಲಿಫೋನ್ ಕೇಳಿಸುತ್ತಿರಲಿಲ್ಲ ನೋಡಿ!

1876ರಲ್ಲಿ ಟೆಲಿಫೋನ್ ಆಯಿತು. ಅದಕ್ಕೆ ತಂತಿ ಬೇಕು. ತಂತಿಯೇ ಇಲ್ಲದೆ ಬಿಸಿಲಿನಲ್ಲಿ ಮಾತು ಕಳಿಸಬಹುದೇ ಅಂತ ಬೆಲ್ ಯೋಚಿಸಿದರು. ತೆಳ್ಳನೆ ಕನ್ನಡಿಯ ಹಿಂದೆ ಮಾತಾಡಿದರೆ ಕನ್ನಡಿ ನಡುಗುತ್ತದೆ. ಅದರಿಂದ ಪ್ರತಿಫಲಿಸುವ ಬೆಳಕೂ ಮಾತಿಗೆ ತಕ್ಕ ಹಾಗೆ ಹೆಚ್ಚು ಕಡಿಮೆ ಆಗುತ್ತದೆ. ಆ ಬೆಳಕು ದೂರದಲ್ಲಿಟ್ಟ ಸೆಲೆನಿಯಂ ಮೇಲೆ ಬೀಳಬೇಕು. ಬೆಳಕು ಹೆಚ್ಚಾದರೆ ಸೆಲೆನಿಯಂನಲ್ಲಿ ವಿದ್ಯುತ್ ಹೆಚ್ಚು ಹರಿಯುತ್ತದೆ, ಕಡಿಮೆಯಾದರೆ ಕಡಿಮೆ. ಅದಕ್ಕೆ ಟೆಲಿಫೋನ್ ಜೋಡಿಸಿ ಕಿವಿಗಿಟ್ಟರೆ ಮಾತು ಕೇಳುತ್ತದೆ.

1880ರಲ್ಲಿ ವಾಷಿಂಗ್ಟನ್‌ನಲ್ಲಿ ಅವರ ಸಹಾಯಕ ಟೈಂಟರ್ ಒಂದು ಶಾಲೆಯ ಮಾಳಿಗೆ ಹತ್ತಿದರು. ಬೆಲ್ 213 ಮೀಟರ್ ದೂರದ ಪ್ರಯೋಗಶಾಲೆಯಲ್ಲಿ ಕಿವಿಗೊಟ್ಟು ಕೂತರು. ಮಾತು ಕೇಳಿಸಿದರೆ ಕಿಟಕಿಗೆ ಬಂದು ಟೋಪಿ ಬೀಸಿ ಅಂತ ಟೈಂಟರ್ ಬೆಳಕಿನಲ್ಲೇ ಹೇಳಿದರು. ಬೆಲ್ ಕಿಟಕಿಗೆ ಬಂದು ಟೋಪಿ ಬೀಸಿದರು! ಆ ವರ್ಷ ಹುಟ್ಟಿದ ಮಗಳಿಗೆ ಫೋಟೋಫೋನ್ ಅಂತಲೇ ಹೆಸರಿಡಲು ಹೊರಟಿದ್ದರಂತೆ. ತಾಯಿ ಒಪ್ಪಲಿಲ್ಲ, ಮೇರಿಯನ್ ಅಂತ ಇಟ್ಟರು. ಬಚಾವಾದಳು.

ಆದರೆ ಮೋಡ, ಮಂಜು ಬಂದರೆ ಮಾತು ನಿಂತುಹೋಗುತ್ತಿತ್ತು. ಹೀಗಾಗಿ ಫೋಟೋಫೋನ್ ಮೂಲೆ ಸೇರಿತು. 1922ರ ಆಗಸ್ಟ್ 2ರಂದು ಬೆಲ್ ತೀರಿಕೊಂಡರು. ಅವರನ್ನು ಮಣ್ಣು ಮಾಡುವಾಗ ಅಮೆರಿಕ, ಕೆನಡಾಗಳಲ್ಲಿ ಒಂದು ನಿಮಿಷ ಟೆಲಿಫೋನುಗಳನ್ನೆಲ್ಲ ನಿಲ್ಲಿಸಿದ್ದರು.

1960ರಲ್ಲಿ ಲೇಸರ್ ಬಂತು. ಅದರ ಬೆಳಕು ಬಿಸಿಲಿನ ಹಾಗೆ ಚದುರದೆ ಬಹಳ ದೂರ ಹೋಗುತ್ತದೆ. 2023ರ ಡಿಸೆಂಬರ್‌ನಲ್ಲಿ ಸೈಕಿ ಎಂಬ ಗಗನನೌಕೆ ಸುಮಾರು 3 ಕೋಟಿ 10 ಲಕ್ಷ ಕಿಲೋಮೀಟರ್ ದೂರದಿಂದ ಲೇಸರ್‌ನಲ್ಲಿ ಒಂದು ಬೆಕ್ಕಿನ ವಿಡಿಯೋ ಕಳಿಸಿತು. 101 ಸೆಕೆಂಡಿನಲ್ಲಿ ಅದು ಕ್ಯಾಲಿಫೋರ್ನಿಯಾದ ಪಾಲೋಮರ್ ದೂರದರ್ಶಕಕ್ಕೆ ಬಂದು ಮುಟ್ಟಿತು. ಮೋಡ ಬಂದರೆ ಮಾತ್ರ ಲೇಸರ್‌ಗೂ ಅಡ್ಡಿಯೇ.