ಮೈಸೂರಿನ ರೇಡಿಯೋ ಮೇಷ್ಟ್ರು

ನಮ್ಮ ಹದಡಿಯಿಂದ ದಾವಣಗೆರೆಗೆ ಬರುವ ಬಸ್ಸಿನಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡ ಮಿತ್ರರನ್ನು ನಿತ್ಯವೂ ಕಾಣುತ್ತೇನೆ. ಒಬ್ಬನು ಸ್ಕಾಟ್ಲೆಂಡಿನ ರಾಕ್ ಗಾಯನ ಕೇಳುತ್ತಿದ್ದರೆ ಮತ್ತೊಬ್ಬನು ಕೊರಿಯಾದ ಪಾಪ್ ಸಂಗೀತದಲ್ಲಿ ಮೈಮರೆತಿರುತ್ತಾನೆ. ಹಿರಿಯರಿಗೆ ಇದು ಹಿಡಿಸದು. ನನಗೇನೋ ಅದರಲ್ಲಿ ತಪ್ಪು ಕಾಣುವುದಿಲ್ಲ. ಆದರೆ ಗಾಳಿಯಲ್ಲಿ ಹಾಡು ತೇಲಿಬರುವ ಈ ಸೋಜಿಗವನ್ನು ಕನ್ನಡ ನೆಲದಲ್ಲಿ ಮೊದಲು ಮಾಡಿ ತೋರಿಸಿದವರು ಒಬ್ಬ ಕಾಲೇಜು ಮೇಷ್ಟ್ರು ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅವರೇ ಡಾ. ಎಂ. ವಿ. ಗೋಪಾಲಸ್ವಾಮಿಯವರು. ಅವರು ಕಾಲವಾಗಿ ಅರ್ಧ ಶತಮಾನಕ್ಕೂ ಮಿಕ್ಕಿತು.

ಗೋಪಾಲಸ್ವಾಮಿಯವರು ಲಂಡನ್ನಿಗೆ ಹೋಗಿ, ಬುದ್ಧಿಶಕ್ತಿಯ ಅಳತೆಗೆ ಹೆಸರಾದ ಸ್ಪಿಯರ್‌ಮನ್ ಅವರ ಕೈಕೆಳಗೆ ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿ ಬಂದವರು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆ ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ಆರಂಭವಾದಾಗ ಅದರ ಭಾರ ಅವರ ಹೆಗಲಿಗೆ ಬಿತ್ತು. ಭಾರತದಲ್ಲಿ ಕಲ್ಕತ್ತೆಯನ್ನು ಬಿಟ್ಟರೆ ಇಂತಹ ವಿಭಾಗವೇ ಆಗ ಇರಲಿಲ್ಲ. ಇಷ್ಟಕ್ಕೇ ತೃಪ್ತರಾಗಿದ್ದರೆ ಅವರೊಬ್ಬ ವಿದ್ವಾಂಸರೆಂದು ಹೆಸರು ಉಳಿಯುತ್ತಿತ್ತು, ಅಷ್ಟೇ.

ಆ ಕಾಲದಲ್ಲಿ ರೇಡಿಯೋ ಎಂಬುದು ಕೈಸುಟ್ಟುಕೊಳ್ಳುವ ವ್ಯವಹಾರ. 1927ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಪ್ರಸಾರ ಕಂಪನಿಯೊಂದು ದೊಡ್ಡ ಬಂಡವಾಳವಿದ್ದೂ ಮೂರೇ ವರ್ಷದಲ್ಲಿ, 1930ರಲ್ಲಿ, ದಿವಾಳಿ ತೆಗೆಯಿತು. ಸರಕಾರವೇ ಅದನ್ನು ವಹಿಸಿಕೊಳ್ಳಬೇಕಾಯಿತು. ಅತ್ತ ಇಂಗ್ಲೆಂಡಿನಲ್ಲಿ ಬಿಬಿಸಿಯನ್ನು ಕಟ್ಟಿ ನಿಲ್ಲಿಸಿದವರು ಸ್ಕಾಟ್ಲೆಂಡಿನ ಜಾನ್ ರೀತ್ ಎಂಬ ಎಂಜಿನಿಯರು. ಅವರ ಸಂಸ್ಥೆಯಿಂದ ಲಯೊನೆಲ್ ಫೀಲ್ಡನ್ ಎಂಬುವರು 1935ರಲ್ಲಿ ಭಾರತಕ್ಕೆ ಬಂದು ಪ್ರಸಾರದ ಹೊಣೆ ಹೊತ್ತರು. ದೆಹಲಿಯ ನಿಲಯ ಬಾಯಿ ತೆರೆದದ್ದು 1936ರ ಜನವರಿ 1ರಂದು.

ಅಷ್ಟರಲ್ಲಿ ಮೈಸೂರು ಆಗಲೇ ಮಾತನಾಡಿಯಾಗಿತ್ತು! 1935ರ ಸೆಪ್ಟೆಂಬರ್ 10ರಂದು ಗೋಪಾಲಸ್ವಾಮಿಯವರು ತಮ್ಮ ವಾಸದ ಮನೆ ‘ವಿಠ್ಠಲ ವಿಹಾರ’ದಿಂದಲೇ ಪ್ರಸಾರವನ್ನು ಆರಂಭಿಸಿದರು. ಪ್ರೇಷಕ ಯಂತ್ರದ ಶಕ್ತಿ ಮೂವತ್ತು ವಾಟ್. ನಮ್ಮ ಮನೆಯ ಹಳೆಯ ಸೀಲಿಂಗ್ ಫ್ಯಾನು ಎಪ್ಪತ್ತೈದು ವಾಟ್ ನುಂಗುತ್ತದೆ. ಅದರ ಅರ್ಧಕ್ಕೂ ಕಡಿಮೆ ಬಲದಲ್ಲಿ ಅವರು ಒಂದು ಊರನ್ನು ಮಾತನಾಡಿಸಲು ಹೊರಟಿದ್ದರು. ಇಂತಹ ಯಂತ್ರದ ದನಿ ಊರಾಚೆಗೆ ಬಹಳ ದೂರ ಹೋಗದು. ಮುಂದೆ 250 ವಾಟ್‌ನ ಯಂತ್ರ ಬಂದ ಮೇಲೆ ದನಿಗೆ ಕಸುವು ಕೂಡಿತು.

ಯಂತ್ರಕ್ಕಿಂತ ದೊಡ್ಡ ಚಿಂತೆ ಹಣದ್ದು. ರೇಡಿಯೋ ಕೇಳುವವನು ಟಿಕೇಟು ಕೊಳ್ಳುವುದಿಲ್ಲ. ಬಾಗಿಲಲ್ಲಿ ನಿಂತು ಕಾಸು ಕೇಳುವಂತಿಲ್ಲ. ಹಾಡುವವರನ್ನೂ ಮಾತನಾಡುವವರನ್ನೂ ದಿನವೂ ಕೂಡಿಸಬೇಕು, ಕೆಟ್ಟ ಕೊಳವೆಯನ್ನು ಬದಲಿಸಬೇಕು. ಸಂಬಳದ ಮನುಷ್ಯನಿಗೆ ಇದು ಆನೆ ಸಾಕಿದಂತೆ. ಮನೆಯವರು ಇದನ್ನೆಲ್ಲ ಹೇಗೆ ಸಹಿಸಿದರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕೈಯಿಂದ ಖರ್ಚು ಮಾಡಿ, ಬಳಿಕ ಸಾರ್ವಜನಿಕರ ಮತ್ತು ಮೈಸೂರು ಪುರಸಭೆಯ ನೆರವು ಪಡೆದು, ಸುಮಾರು ಆರು ವರ್ಷ ನಿಲಯವನ್ನು ಉಸಿರಾಡಿಸಿದರು. ಕೊನೆಗೆ 1942ರ ಆರಂಭದಲ್ಲಿ ಅದು ಮೈಸೂರು ಸಂಸ್ಥಾನದ ಕೈಸೇರಿತು. ಇದನ್ನು ಸೋಲೆನ್ನುವವರುಂಟು, ನಾನು ಒಪ್ಪಲಾರೆ. ಮುಂಬಯಿಯ ಧನಿಕರಿಗೆ ಮೂರು ವರ್ಷ ದಾಟಿಸಲಾಗದ್ದನ್ನು ಒಬ್ಬ ಮೇಷ್ಟ್ರು ಅದರ ಎರಡರಷ್ಟು ಕಾಲ ನಡೆಸಿದರು.

ಮನಸ್ಸಿನ ಶಾಸ್ತ್ರ ಬಲ್ಲವರಿಗೆ ಈ ಹುಚ್ಚೇಕೆ ಹಿಡಿಯಿತು? ನನ್ನ ಊಹೆ ಇಷ್ಟು: ತರಗತಿಯ ನಾಲ್ಕು ಗೋಡೆ ಅವರಿಗೆ ಸಾಲಲಿಲ್ಲ. ಕಾಲೇಜಿನ ಮೆಟ್ಟಿಲನ್ನೇ ಹತ್ತದ ಮನುಷ್ಯನ ಕಿವಿಗೂ ನಾಲ್ಕು ಒಳ್ಳೆಯ ಮಾತು ಬೀಳಲೆಂದು ಅವರು ಬಯಸಿರಬೇಕು.

1950ರಲ್ಲಿ ಆ ನಿಲಯ ಆಲ್ ಇಂಡಿಯಾ ರೇಡಿಯೋದಲ್ಲಿ ಸೇರಿತು. 1955ರಲ್ಲಿ ಬೆಂಗಳೂರಿಗೆ ಹೊರಟುಹೋಯಿತು. ಮೈಸೂರಿಗೆ ತನ್ನ ನಿಲಯ ಮರಳಿ ಸಿಕ್ಕಿದ್ದು 1974ರಲ್ಲಿ. ಇನ್ನು ‘ಆಕಾಶವಾಣಿ’ ಎಂಬ ಹೆಸರು: ಅದನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಕೆಲವರು, ಅಲ್ಲವೆಂದು ಕೆಲವರು. ಆ ಜಗಳ ಪಂಡಿತರಿಗಿರಲಿ. ಮೈಸೂರಿನ ಆ ಪುಟ್ಟ ನಿಲಯ ಹೊತ್ತಿದ್ದ ಹೆಸರನ್ನೇ 1950ರ ದಶಕದ ಉತ್ತರಾರ್ಧದಲ್ಲಿ ಇಡೀ ದೇಶದ ರೇಡಿಯೋ ತನ್ನದಾಗಿಸಿಕೊಂಡಿತು. 2023ರ ಮೇ ತಿಂಗಳಲ್ಲಿ, ಇನ್ನು ಆಲ್ ಇಂಡಿಯಾ ರೇಡಿಯೋ ಎನ್ನದೆ ಆಕಾಶವಾಣಿ ಎಂದೇ ಹೇಳಬೇಕೆಂದು ಆಜ್ಞೆಯೂ ಆಯಿತು.

ಇಂದಿನ ಮೈಸೂರು ನಿಲಯ ಇರುವುದು ಯಾದವಗಿರಿಯಲ್ಲಿ. ಗೋಪಾಲಸ್ವಾಮಿಯವರ ವಿಠ್ಠಲ ವಿಹಾರ ಇದ್ದುದು ಅಲ್ಲಿಂದ ಕೂಗಳತೆಯಲ್ಲಿ.