ಶೇಂಗಾ ಹೊಲದ ಹುಡುಗ, ಮೂವತ್ತು ಲಕ್ಷ ಡಾಲರಿನ ತೋಳು

1974ರ ಡಿಸೆಂಬರ್ ತಿಂಗಳ ಕೊನೆಯ ವಾರಗಳು. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಅಹೋಸ್ಕಿ ಎಂಬ ಸಣ್ಣ ಪಟ್ಟಣಕ್ಕೆ ದೊಡ್ಡ ದೊಡ್ಡ ನಗರಗಳಿಂದ ಶ್ರೀಮಂತರು ಬಂದಿಳಿಯತೊಡಗಿದರು. ಎಲ್ಲರೂ ಹೋಗುತ್ತಿದ್ದದ್ದು ಒಬ್ಬ ವಕೀಲರ ಕಚೇರಿಗೆ. ಅವರೆಲ್ಲ ಬೇಸ್‌ಬಾಲ್ ತಂಡಗಳ ಮಾಲೀಕರು, ಇಲ್ಲವೇ ಮಾಲೀಕರು ಕಳಿಸಿದ ಅಧಿಕಾರಿಗಳು. ಆಗ ಇದ್ದ 24 ದೊಡ್ಡ ತಂಡಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಅಲ್ಲಿಗೆ ಬಂದವು. ಅವರಿಗೆ ಬೇಕಾಗಿದ್ದದ್ದು 28 ವರ್ಷದ ಒಬ್ಬ ರೈತನ ಮಗನ ಬಲಗೈ. ಆತನ ಹೆಸರು ಜಿಮ್ ಹಂಟರ್. ಜಗತ್ತು ಕರೆಯುತ್ತಿದ್ದದ್ದು ಕ್ಯಾಟ್‌ಫಿಷ್ ಹಂಟರ್ ಎಂದು.

ಇಂದು ಐಪಿಎಲ್ ಹರಾಜು ಬಂತೆಂದರೆ ನಮ್ಮ ಹಳ್ಳಿಗಳ ಕಟ್ಟೆಯ ಮೇಲೂ ಒಂದೇ ಚರ್ಚೆ. ಒಬ್ಬ ಆಟಗಾರನಿಗೆ ಅಷ್ಟು ಕೋಟಿ ಸುರಿಯುವುದು ಲಾಭವೋ ನಷ್ಟವೋ? ಅಮೆರಿಕದಲ್ಲಿ ಈ ಪ್ರಶ್ನೆ ಹುಟ್ಟಿಕೊಂಡದ್ದು ಹಂಟರ್ ಅವರಿಂದ. ಒಪ್ಪಂದದ ಕಟ್ಟು ಬಿಚ್ಚಿಕೊಂಡು, ತನಗೆ ಬೇಕಾದ ತಂಡವನ್ನು ತಾನೇ ಆರಿಸಿಕೊಳ್ಳುವ ಆಟಗಾರನಿಗೆ ಅಲ್ಲಿ ಫ್ರೀ ಏಜೆಂಟ್ ಎನ್ನುತ್ತಾರೆ. ಆ ಹೆಸರಿನಲ್ಲಿ ಭಾರಿ ಬೆಲೆ ಪಡೆದ ಮೊದಲ ಆಟಗಾರ ಹಂಟರ್. ಅವರ ಬಾಳನ್ನು ನೋಡಿದರೆ ಈ ಪ್ರಶ್ನೆಗೆ ಒಂದು ಉತ್ತರ ಸಿಗುತ್ತದೆ. ಆದರೆ ಅದು ಹೌದು ಅಥವಾ ಇಲ್ಲ ಎಂಬ ಒಂದೇ ಮಾತಿನ ಉತ್ತರವಲ್ಲ.

ಗುಂಡು ಹೊಕ್ಕ ಕಾಲು

ಜೇಮ್ಸ್ ಅಗಸ್ಟಸ್ ಹಂಟರ್ ಹುಟ್ಟಿದ್ದು 1946ರ ಏಪ್ರಿಲ್ 8ರಂದು, ನಾರ್ತ್ ಕೆರೊಲಿನಾದ ಹರ್ಟ್‌ಫರ್ಡ್ ಎಂಬ ಊರಿನಲ್ಲಿ. ತಂದೆ ಗೇಣಿ ರೈತ. ಮನೆ ತುಂಬ ಮಕ್ಕಳು, ಅವರಲ್ಲಿ ಜಿಮ್ ಕಿರಿಯವರು. ಶೇಂಗಾ ಬೆಳೆಯುವ ಸೀಮೆ ಅದು. ಹೊಲದ ಕೆಲಸ, ಬೇಟೆ, ಮೀನು ಹಿಡಿಯುವುದು, ಬಿಡುವಾದಾಗ ಅಣ್ಣಂದಿರ ಜತೆ ಚೆಂಡಾಟ. ಬಾಲ್ಯ ಕಳೆದದ್ದು ಹೀಗೆ.

ಬೇಸ್‌ಬಾಲಿನಲ್ಲಿ ಪಿಚರ್ ಎಂದರೆ ಕ್ರಿಕೆಟ್ಟಿನ ಬೌಲರ್ ಇದ್ದಂತೆ. ಆದರೆ ಜವಾಬ್ದಾರಿ ಇನ್ನೂ ಹೆಚ್ಚು. ಆ ಕಾಲದಲ್ಲಿ ಒಳ್ಳೆಯ ಪಿಚರ್ ಒಬ್ಬನೇ ಇಡೀ ಪಂದ್ಯದ ಒಂಬತ್ತು ಇನ್ನಿಂಗ್ಸ್ ಎಸೆದು ಮುಗಿಸುತ್ತಿದ್ದದ್ದೂ ಉಂಟು. ಗೆಲುವು ಸೋಲು ಎರಡೂ ಅವನ ಹೆಸರಿನಲ್ಲೇ ದಾಖಲಾಗುತ್ತವೆ. ಹೈಸ್ಕೂಲಿನಲ್ಲೇ ಹಂಟರ್ ಇದರಲ್ಲಿ ಹೆಸರು ಮಾಡಿದರು. ದೊಡ್ಡ ತಂಡಗಳ ಕಣ್ಣು ಅವರ ಮೇಲೆ ಬಿತ್ತು.

ಅಷ್ಟರಲ್ಲಿ, 1963ರ ಕೊನೆಯಲ್ಲಿ, ಬೇಟೆಗೆ ಹೋಗಿದ್ದಾಗ ಅಣ್ಣನ ಬಂದೂಕು ಆಕಸ್ಮಿಕವಾಗಿ ಸಿಡಿಯಿತು. ಛರ್ರೆಗಳು ಹಂಟರ್ ಅವರ ಪಾದ ಹೊಕ್ಕವು. ಕಾಲಿನ ಕಿರುಬೆರಳು ಹೋಯಿತು. ಹಿಂದೆ ಬಿದ್ದಿದ್ದ ತಂಡಗಳು ಒಂದೊಂದಾಗಿ ಹಿಂದೆ ಸರಿದವು. ಉಳಿದದ್ದು ಕಾನ್ಸಾಸ್ ಸಿಟಿ ಅಥ್ಲೆಟಿಕ್ಸ್. ಆ ತಂಡಕ್ಕೆ ಪ್ರತಿಭೆ ಹುಡುಕಿ ತರುತ್ತಿದ್ದ ಕ್ಲೈಡ್ ಕ್ಲಟ್ಜ್ ಹುಡುಗನ ಮೇಲಿನ ನಂಬಿಕೆ ಬಿಡಲಿಲ್ಲ. ಮಾಲೀಕ ಚಾರ್ಲ್ಸ್ ಫಿನ್ಲಿ 1964ರಲ್ಲಿ 75,000 ಡಾಲರ್ ಕೊಟ್ಟು ಸಹಿ ಹಾಕಿಸಿಕೊಂಡರು. ಆಸ್ಪತ್ರೆಗೆ ಕಳಿಸಿ ಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿದರು. ಆ ವರ್ಷ ಹಂಟರ್ ಒಂದು ಚೆಂಡನ್ನೂ ಎಸೆಯಲಿಲ್ಲ.

ಕ್ಯಾಟ್‌ಫಿಷ್ ಎಂಬ ಅಡ್ಡಹೆಸರೂ ಫಿನ್ಲಿಯವರ ಕೊಡುಗೆ. ಅದು ಮೀಸೆಯುಳ್ಳ ಒಂದು ಜಾತಿಯ ಮೀನಿನ ಹೆಸರು. ಹುಡುಗ ಚಿಕ್ಕವನಿದ್ದಾಗ ಮನೆ ಬಿಟ್ಟು ಓಡಿಹೋಗಿ ಮೀನು ಹಿಡಿದುಕೊಂಡು ಬಂದನೆಂದು ಒಂದು ಕತೆ ಕಟ್ಟಿದರು. ಕತೆ ಸುಳ್ಳು, ಹೆಸರು ಮಾತ್ರ ಶಾಶ್ವತವಾಯಿತು. ಊರಿನವರಿಗೆ ಅವರು ಕೊನೆಯವರೆಗೂ ಜಿಮ್ಮಿಯೇ.

ತಂಡ ಕಟ್ಟಿದ ವರ್ಷಗಳು

1965ರ ಮೇ ತಿಂಗಳಲ್ಲಿ, 19ನೇ ವಯಸ್ಸಿನಲ್ಲಿ, ಹಂಟರ್ ನೇರವಾಗಿ ದೊಡ್ಡ ಲೀಗಿಗೆ ಇಳಿದರು. ಆ ವರ್ಷ ಅವರ ತಂಡಕ್ಕೆ ಸಿಕ್ಕಿದ್ದು ಕೊನೆಯ ಸ್ಥಾನ. 1968ರಲ್ಲಿ ತಂಡ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರಕ್ಕೆ ಹೋಯಿತು. ಅದೇ ವರ್ಷ ಮೇ 8ರಂದು ಮಿನ್ನೆಸೋಟ ತಂಡದ ವಿರುದ್ಧ ಹಂಟರ್ ಪರ್ಫೆಕ್ಟ್ ಗೇಮ್ ಎಸೆದರು. ಅಂದರೆ ಎದುರಾಳಿಯ 27 ಮಂದಿ ಸರದಿಯಂತೆ ಬಂದರು, 27 ಮಂದಿಯೂ ಔಟ್. ಒಬ್ಬನೂ ಮೊದಲ ಬೇಸ್ ಮುಟ್ಟಲಿಲ್ಲ. ತಂಡ ಗೆದ್ದದ್ದು 4-0ರಿಂದ. ಅದರಲ್ಲಿ ಮೂರು ರನ್ ಹಂಟರ್ ಅವರ ಬ್ಯಾಟಿನ ಹೊಡೆತಗಳಿಂದಲೇ ಬಂದವು.

ಮುಂದೆ ಓಕ್ಲೆಂಡ್ ಅಜೇಯ ತಂಡವಾಯಿತು. 1972, 1973, 1974ರಲ್ಲಿ ಸತತ ಮೂರು ಸಲ ವರ್ಲ್ಡ್ ಸೀರೀಸ್ ಗೆದ್ದಿತು. ಆ ಮೂರು ಸರಣಿಗಳಲ್ಲಿ ಹಂಟರ್ ನಾಲ್ಕು ಪಂದ್ಯ ಗೆದ್ದರು, ಒಂದನ್ನೂ ಸೋಲಲಿಲ್ಲ. 1974ರಲ್ಲಿ 25 ಗೆಲುವು ಪಡೆದು, ಶ್ರೇಷ್ಠ ಪಿಚರಿಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು. ಕಾಲು ಕೆಟ್ಟ ಹುಡುಗನ ಮೇಲೆ ಹೂಡಿದ 75,000 ಡಾಲರ್ ಹತ್ತು ವರ್ಷಗಳಲ್ಲಿ 161 ಗೆಲುವುಗಳಾಗಿ ಮರಳಿ ಬಂದಿತ್ತು.

ಮಾಲೀಕ ಮತ್ತು ಆಟಗಾರನ ಸಂಬಂಧ ಮಾತ್ರ ಕೆಟ್ಟಿತ್ತು. ಊರಿನಲ್ಲಿ ಹೊಲ ಕೊಳ್ಳಲು ಹಂಟರ್ ಫಿನ್ಲಿಯವರಿಂದ ಸಾಲ ಪಡೆದಿದ್ದರು. ಸ್ವಲ್ಪ ದಿನಕ್ಕೇ ಸಾಲ ತೀರಿಸೆಂದು ಫಿನ್ಲಿ ದುಂಬಾಲು ಬಿದ್ದರು. ಹಂಟರ್ ಎಸೆಯಬೇಕಾದ ದಿನಗಳಲ್ಲೇ ಫೋನ್ ಬರುತ್ತಿತ್ತು. ಕೊನೆಗೆ ಕೊಂಡ ಹೊಲದ ಬಹುಭಾಗ ಮಾರಿ ಸಾಲ ತೀರಿಸಬೇಕಾಯಿತು. ಗೇಣಿ ರೈತನ ಮಗನಿಗೆ ಇದಕ್ಕಿಂತ ದೊಡ್ಡ ನೋವು ಇನ್ನೊಂದಿರಲಿಲ್ಲ.

ತಪ್ಪಿದ ಕಂತು, ಬಿಚ್ಚಿದ ಕಟ್ಟು

ಆ ಕಾಲದ ಬೇಸ್‌ಬಾಲಿನಲ್ಲಿ ಆಟಗಾರ ಒಮ್ಮೆ ಸಹಿ ಹಾಕಿದರೆ ಆ ತಂಡದ ಸ್ವತ್ತು. ಒಪ್ಪಂದದ ಅವಧಿ ಮುಗಿದರೂ ಬೇರೆ ತಂಡ ಸೇರುವಂತಿಲ್ಲ. ಮಾಲೀಕ ಇಟ್ಟುಕೊಳ್ಳಬಹುದು, ಮಾರಬಹುದು. ಆಟಗಾರನ ನಿಜವಾದ ಬೆಲೆ ಎಷ್ಟೆಂದು ತಿಳಿಯುವ ದಾರಿಯೇ ಇರಲಿಲ್ಲ. ಏಕೆಂದರೆ ಎರಡನೆಯ ಗಿರಾಕಿಗೆ ಮಾತನಾಡುವ ಅವಕಾಶವೇ ಇರಲಿಲ್ಲ.

1974ರಲ್ಲಿ ಹಂಟರ್ ಅವರ ಸಂಬಳ 1 ಲಕ್ಷ ಡಾಲರ್. ಅದರ ಅರ್ಧ, ಅಂದರೆ 50,000 ಡಾಲರನ್ನು, ಮುಂದಿನ ದಿನಗಳಿಗಾಗಿ ವಿಮಾ ಕಂಪನಿಗೆ ಕಟ್ಟಬೇಕೆಂದು ಒಪ್ಪಂದದಲ್ಲಿತ್ತು. ಹೀಗೆ ಕಟ್ಟಿದರೆ ತಮಗೆ ಕೂಡಲೇ ತೆರಿಗೆ ರಿಯಾಯಿತಿ ಸಿಗದೆಂದು ತಿಳಿದ ಫಿನ್ಲಿ ಹಣ ಕಟ್ಟಲಿಲ್ಲ. ಆಟಗಾರರ ಸಂಘ ದೂರು ಕೊಟ್ಟಿತು. ಮಧ್ಯಸ್ಥಗಾರ ಪೀಟರ್ ಸೈಟ್ಜ್ ವಿಚಾರಣೆ ನಡೆಸಿದರು. ಒಪ್ಪಂದ ಮುರಿದದ್ದು ಮಾಲೀಕರೇ, ಆದ್ದರಿಂದ ಹಂಟರ್ ಸ್ವತಂತ್ರರು ಎಂದು ಡಿಸೆಂಬರ್ ಮಧ್ಯದಲ್ಲಿ ತೀರ್ಪಾಯಿತು. ಫಿನ್ಲಿ ಕೋರ್ಟಿಗೆ ಹೋದರೂ ಫಲ ಸಿಗಲಿಲ್ಲ.

ಅಹೋಸ್ಕಿಯಲ್ಲಿ ಸಂತೆ ನೆರೆದದ್ದು ಆಗಲೇ. ಸ್ಯಾನ್ ಡಿಯಾಗೋದಂಥ ತಂಡಗಳು ಇನ್ನೂ ಹೆಚ್ಚು ಹಣ ಕೊಡಲು ಸಿದ್ಧವಿದ್ದವು. ಆದರೆ ಕಾಲಿಗೆ ಗುಂಡು ಬಿದ್ದಾಗಲೂ ತಮ್ಮನ್ನು ನಂಬಿದ್ದ ಕ್ಲೈಡ್ ಕ್ಲಟ್ಜ್ ಈಗ ನ್ಯೂಯಾರ್ಕ್ ಯಾಂಕೀಸ್ ಪರವಾಗಿ ಬಂದಿದ್ದರು. ಡಿಸೆಂಬರ್ 31ರಂದು ಹಂಟರ್ ಯಾಂಕೀಸ್ ತಂಡಕ್ಕೆ ಸಹಿ ಹಾಕಿದರು. ಐದು ವರ್ಷ, ಎಲ್ಲ ಸೇರಿ 30 ಲಕ್ಷ ಡಾಲರಿಗೂ ಮಿಗಿಲಾದ ಒಪ್ಪಂದ. ಆಗ ದೊಡ್ಡ ಲೀಗಿನ ಆಟಗಾರನ ಸರಾಸರಿ ವಾರ್ಷಿಕ ಸಂಬಳ ಸುಮಾರು 40 ಸಾವಿರ ಡಾಲರ್. ಜಾರ್ಜ್ ಸ್ಟೈನ್‌ಬ್ರೆನ್ನರ್ ಮತ್ತು ಪಾಲುದಾರರು 1973ರಲ್ಲಿ ಇಡೀ ಯಾಂಕೀಸ್ ತಂಡವನ್ನು ಕೊಂಡದ್ದೇ ಸುಮಾರು 1 ಕೋಟಿ ಡಾಲರಿಗೆ. ಈಗ ಒಬ್ಬನೇ ಆಟಗಾರನಿಗೆ ಅದರ ಮೂರನೇ ಒಂದು ಪಾಲು.

ಮೊದಲ ವರ್ಷದ ಲೆಕ್ಕ

1975ರಲ್ಲಿ ಹಂಟರ್ ಹಣಕ್ಕೆ ಮೋಸ ಮಾಡಲಿಲ್ಲ. 23 ಪಂದ್ಯ ಗೆದ್ದರು. 328 ಇನ್ನಿಂಗ್ಸ್ ಎಸೆದರು. 30 ಪಂದ್ಯಗಳನ್ನು ಮೊದಲಿನಿಂದ ಕೊನೆಯವರೆಗೆ ತಾವೇ ಮುಗಿಸಿದರು. ಅಂದಿನಿಂದ ಇಂದಿನವರೆಗೆ ಒಂದೇ ವರ್ಷದಲ್ಲಿ 30 ಪಂದ್ಯ ಪೂರ್ತಿ ಎಸೆದ ಪಿಚರ್ ಇನ್ನೊಬ್ಬ ಬಂದಿಲ್ಲ.

ಆದರೆ ತಂಡ? ಹಂಟರ್ ಇಲ್ಲದ 1974ರಲ್ಲಿ ಯಾಂಕೀಸ್ 89 ಪಂದ್ಯ ಗೆದ್ದಿತ್ತು. ಹಂಟರ್ ಬಂದ 1975ರಲ್ಲಿ ಗೆದ್ದದ್ದು 83. ಸ್ಥಾನ ಎರಡರಿಂದ ಮೂರಕ್ಕೆ ಇಳಿಯಿತು. ಅತ್ತ ಹಂಟರ್ ಅವರನ್ನು ಕಳೆದುಕೊಂಡ ಓಕ್ಲೆಂಡ್ 1974ರಲ್ಲಿ 90 ಪಂದ್ಯ ಗೆದ್ದಿದ್ದರೆ, 1975ರಲ್ಲಿ 98 ಗೆದ್ದಿತು. ಮೇಲ್ನೋಟಕ್ಕೆ, ಹಣ ಸುರಿದವರು ಸೋತರು, ಕಳೆದುಕೊಂಡವರು ಗೆದ್ದರು.

ಆ ಕಾಲದಲ್ಲಿ ಒಬ್ಬ ಪಿಚರ್ ಎಷ್ಟೇ ದೊಡ್ಡವನಾದರೂ ನಾಲ್ಕು ಪಂದ್ಯಗಳಿಗೊಮ್ಮೆ ಮಾತ್ರ ಎಸೆಯುತ್ತಿದ್ದ. ಉಳಿದ ದಿನಗಳಲ್ಲಿ ಅವನು ಪ್ರೇಕ್ಷಕ. 162 ಪಂದ್ಯಗಳ ದೀರ್ಘ ಲೀಗಿನಲ್ಲಿ ಒಬ್ಬನಿಂದ ತಂಡ ಮೇಲೇಳುವುದಿಲ್ಲ. ಆದರೆ ಲೀಗ್ ಮುಗಿದ ಮೇಲಿನ ಚಿಕ್ಕ ಸರಣಿಗಳಲ್ಲಿ ಅಂಥ ಒಬ್ಬನ ತೂಕ ಹೆಚ್ಚು. ಓಕ್ಲೆಂಡಿಗೆ ಇದು ಅದೇ ಅಕ್ಟೋಬರಿನಲ್ಲಿ ಅರಿವಾಯಿತು. ಬೋಸ್ಟನ್ ವಿರುದ್ಧ ಮೂರಕ್ಕೆ ಮೂರೂ ಪಂದ್ಯ ಸೋತು ಅದು ಹೊರಬಿತ್ತು. ನಾಲ್ಕನೆಯ ಸತತ ಕಿರೀಟದ ಆಸೆ ಅಲ್ಲಿಗೆ ಮುಗಿಯಿತು.

ಯಾಂಕೀಸ್ ಆಡಳಿತ ಅಷ್ಟಕ್ಕೇ ನಿಲ್ಲಲಿಲ್ಲ. ಬೇರೆ ತಂಡಗಳೊಡನೆ ವಿನಿಮಯ ಮಾಡಿ ಉಳಿದ ಜಾಗಗಳನ್ನು ತುಂಬಿತು. ಹಂಟರ್ 17 ಪಂದ್ಯ ಗೆದ್ದ 1976ರಲ್ಲಿ ತಂಡ ಅಮೆರಿಕನ್ ಲೀಗ್ ಪ್ರಶಸ್ತಿ ಗೆದ್ದಿತು. 1964ರ ನಂತರ ಅದೇ ಮೊದಲು. ನವೀಕರಿಸಿದ ಕ್ರೀಡಾಂಗಣಕ್ಕೆ ಆ ವರ್ಷ 20 ಲಕ್ಷಕ್ಕೂ ಹೆಚ್ಚು ಜನ ಬಂದರು. ಅದೇ ವರ್ಷದ ಕೊನೆಯಲ್ಲಿ ಹಂಟರ್ ಅವರ ಹಳೆಯ ಜತೆಗಾರ ರೆಜ್ಜಿ ಜಾಕ್ಸನ್ ಕೂಡ ದೊಡ್ಡ ಬೆಲೆಗೆ ಯಾಂಕೀಸ್ ಸೇರಿದರು.

ಸೋತ ತೋಳು

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಅದು ಇದುವರೆಗೆ ಎಷ್ಟು ಉತ್ತಿದೆ ಎಂಬುದಕ್ಕಲ್ಲ, ಇನ್ನೆಷ್ಟು ಉತ್ತೀತು ಎಂಬುದಕ್ಕೆ ಬೆಲೆ ಕಟ್ಟುತ್ತಾನೆ. ಆಟಗಾರರ ಪೇಟೆಯಲ್ಲಿ ಇದು ಉಲ್ಟಾ. ಹಿಂದಿನ ಸಾಧನೆ ನೋಡಿ ಬೆಲೆ ಕಟ್ಟುತ್ತಾರೆ, ಕೊಳ್ಳುವುದು ಮಾತ್ರ ಮುಂದಿನ ವರ್ಷಗಳನ್ನು. ಹಂಟರ್ ನ್ಯೂಯಾರ್ಕಿಗೆ ಬರುವ ಹೊತ್ತಿಗೇ ಆ ತೋಳು 2,400ಕ್ಕೂ ಹೆಚ್ಚು ಇನ್ನಿಂಗ್ಸ್ ಎಸೆದಿತ್ತು. ಬಂದ ಮೇಲೆ ಎರಡೇ ವರ್ಷಗಳಲ್ಲಿ ಇನ್ನೂ 600ಕ್ಕೂ ಹೆಚ್ಚು ಎಸೆಸಿದರು. ಕೊಟ್ಟ ಹಣ ಮೊದಲೇ ವಸೂಲಾಗಲಿ ಎಂಬಂತಿತ್ತು ಆ ದುಡಿತ.

ತೋಳು ಮುಷ್ಕರ ಹೂಡಿತು. 1977ರಲ್ಲಿ 9 ಗೆಲುವು, 9 ಸೋಲು. ಆ ವರ್ಷ ಯಾಂಕೀಸ್ ವರ್ಲ್ಡ್ ಸೀರೀಸ್ ಗೆದ್ದಿತು, ಆದರೆ ಸರಣಿಯಲ್ಲಿ ಹಂಟರ್ ಎಸೆಯಲಾರಂಭಿಸಿದ ಒಂದು ಪಂದ್ಯ ಸೋತಿತು. 1978ರಲ್ಲಿ ಸಕ್ಕರೆ ಕಾಯಿಲೆ ಇರುವುದೂ ಗೊತ್ತಾಯಿತು. ಭುಜದ ನೋವಿನಿಂದ ಕೈ ಎತ್ತುವುದೇ ಕಷ್ಟವಾಗಿತ್ತು. ವೈದ್ಯರು ಅರಿವಳಿಕೆ ಕೊಟ್ಟು ಭುಜವನ್ನು ತಿರುಚಿ, ಒಳಗೆ ಅಂಟಿಕೊಂಡಿದ್ದ ಭಾಗವನ್ನು ಬಿಡಿಸಿದರು. ಎಲ್ಲರೂ ಮುಗಿಯಿತೆಂದುಕೊಂಡಿದ್ದ ಮನುಷ್ಯ ಆಗಸ್ಟ್ ತಿಂಗಳಲ್ಲಿ ಆರು ಪಂದ್ಯ ಗೆದ್ದರು, ಒಂದನ್ನೂ ಸೋಲಲಿಲ್ಲ.

ಆ ಆರು ಗೆಲುವುಗಳ ಬೆಲೆ ತಿಳಿಯಬೇಕಾದರೆ ಆ ವರ್ಷದ ಪಟ್ಟಿ ನೋಡಬೇಕು. ಜುಲೈಯಲ್ಲಿ ಯಾಂಕೀಸ್ ತಂಡ ಬೋಸ್ಟನ್‌ಗಿಂತ 14 ಪಂದ್ಯ ಹಿಂದಿತ್ತು. ಲೀಗ್ ಮುಗಿದಾಗ ಇಬ್ಬರದ್ದೂ 99 ಗೆಲುವು, 63 ಸೋಲು. ಒಂದೇ ಒಂದು ಗೆಲುವು ಕಡಿಮೆಯಾಗಿದ್ದರೂ ಯಾಂಕೀಸ್ ಮನೆಗೆ. ಲೀಗಿನ ಕೊನೆಯ ದಿನ ಕ್ಲೀವ್‌ಲ್ಯಾಂಡ್ ವಿರುದ್ಧ ಎಸೆದು ಸೋತವರೂ ಹಂಟರ್ ಅವರೇ ಎಂಬುದನ್ನು ಮರೆಯುವಂತಿಲ್ಲ. ನಿರ್ಣಾಯಕ ಹೆಚ್ಚುವರಿ ಪಂದ್ಯವನ್ನು ಯಾಂಕೀಸ್ 5-4ರಿಂದ ಗೆದ್ದಿತು. ಅಕ್ಟೋಬರ್ 17ರಂದು ಲಾಸ್ ಏಂಜಲೀಸ್‌ನಲ್ಲಿ ವರ್ಲ್ಡ್ ಸೀರೀಸಿನ ಆರನೆಯ ಪಂದ್ಯ ಗೆದ್ದು ಕಿರೀಟ ತಂದುಕೊಟ್ಟ ಪಿಚರ್ ಹಂಟರ್. ಆ ವರ್ಷ ತಂಡದ ಬೆನ್ನೆಲುಬಾಗಿದ್ದದ್ದು ಮಾತ್ರ ಯಾಂಕೀಸ್ ತಾನೇ ಬೆಳೆಸಿದ ಹುಡುಗ ರಾನ್ ಗಿಡ್ರಿ. ಅವರು 25 ಗೆದ್ದು ಬರೀ 3 ಸೋತಿದ್ದರು.

1979ರಲ್ಲಿ ಹಂಟರ್ 2 ಗೆದ್ದು 9 ಸೋತರು. ಒಪ್ಪಂದ ಮುಗಿಯಿತು. 33ನೇ ವಯಸ್ಸಿಗೇ ಆಟಕ್ಕೆ ವಿದಾಯ ಹೇಳಿ ಹರ್ಟ್‌ಫರ್ಡಿಗೆ ಮರಳಿದರು.

ಲಾಭವೋ ನಷ್ಟವೋ

ಐದು ವರ್ಷಗಳಲ್ಲಿ ಯಾಂಕೀಸ್ ಪರ ಹಂಟರ್ ಗೆದ್ದದ್ದು 63, ಸೋತದ್ದು 53. ಒಂದು ಗೆಲುವಿಗೆ ಸುಮಾರು 50 ಸಾವಿರ ಡಾಲರ್ ಬಿದ್ದಂತಾಯಿತು. ಇದರಲ್ಲಿ 40 ಗೆಲುವು ಮೊದಲ ಎರಡು ವರ್ಷಗಳದ್ದು. ಬರೀ ಅಂಕಿ ನೋಡಿದರೆ ಕೊನೆಯ ಮೂರು ವರ್ಷ ನಷ್ಟದ ಬಾಬತ್ತು. ಮುಂದೆ ಇಂಥ ದೀರ್ಘ ಒಪ್ಪಂದ ಮಾಡಿದ ಎಷ್ಟೋ ತಂಡಗಳು ಇದೇ ಪಾಠ ಕಲಿತವು. ಬೆಳೆ ಬರುವುದು ಮೊದಲ ವರ್ಷಗಳಲ್ಲಿ, ಸಾಲದ ಕಂತು ಮಾತ್ರ ಕೊನೆಯವರೆಗೆ.

ಆದರೆ ಆ ಐದು ವರ್ಷಗಳಲ್ಲಿ ಯಾಂಕೀಸ್ ಮೂರು ಸಲ ಲೀಗ್ ಪ್ರಶಸ್ತಿ, ಎರಡು ಸಲ ವರ್ಲ್ಡ್ ಸೀರೀಸ್ ಗೆದ್ದಿತು. ಗೆಲ್ಲುವುದು ಹೇಗೆಂದು ತಂಡಕ್ಕೆ ಕಲಿಸಿದವರು ಹಂಟರ್ ಎಂದು ಸ್ಟೈನ್‌ಬ್ರೆನ್ನರ್ ಕೊನೆಯವರೆಗೂ ನೆನೆಯುತ್ತಿದ್ದರು. ಬಾವಿ ತೋಡದೆ ಮೋಟಾರು ತಂದಿಟ್ಟರೆ ನೀರು ಬರುವುದಿಲ್ಲ. 1975ರಲ್ಲಿ ಮೋಟಾರು ಒಂದೇ ಇತ್ತು. 1978ರಲ್ಲಿ ಬಾವಿಯೂ ಇತ್ತು. ದುಬಾರಿ ಆಟಗಾರ ತಂಡಕ್ಕೆ ಮೇಲ್ಛಾವಣಿ ಆಗಬಲ್ಲ, ತಳಪಾಯ ಆಗಲಾರ. ಹಂಟರ್ ಅವರ ಐದು ವರ್ಷ ಹೇಳುವುದು ಇಷ್ಟು.

ಇನ್ನು ಆಟಗಾರರ ಪಾಲಿಗೆ ಲೆಕ್ಕವೇ ಬೇರೆ. ತಾವು ಎಷ್ಟು ಅಗ್ಗವಾಗಿ ದುಡಿಯುತ್ತಿದ್ದೇವೆ ಎಂಬುದು ಅಹೋಸ್ಕಿಯ ಆ ಎರಡು ವಾರಗಳಲ್ಲಿ ಎಲ್ಲರಿಗೂ ತಿಳಿಯಿತು. 1975ರ ಡಿಸೆಂಬರಿನಲ್ಲಿ ಅದೇ ಪೀಟರ್ ಸೈಟ್ಜ್ ಇನ್ನಿಬ್ಬರು ಪಿಚರ್‌ಗಳ ಪರ ತೀರ್ಪು ಕೊಟ್ಟು ಹಳೆಯ ಕಟ್ಟನ್ನೇ ಕಡಿದುಹಾಕಿದರು. ಆರು ವರ್ಷ ಆಡಿದವರಿಗೆ ಫ್ರೀ ಏಜೆಂಟ್ ಹಕ್ಕು 1976ರ ಒಪ್ಪಂದದಲ್ಲಿ ಸೇರಿತು.

ಮರಳಿ ಮಣ್ಣಿಗೆ

ಹಂಟರ್ ಊರಿನಲ್ಲಿ ಶೇಂಗಾ, ಸೋಯಾಬೀನ್, ಮುಸುಕಿನ ಜೋಳ ಬೆಳೆದುಕೊಂಡು, ಬೇಟೆಯಾಡಿಕೊಂಡು, ಊರ ಮಕ್ಕಳಿಗೆ ಆಟ ಕಲಿಸಿಕೊಂಡು ಬದುಕಿದರು. ಆಡಿದ್ದು 15 ವರ್ಷ, ಒಟ್ಟು 224 ಗೆಲುವು. 1987ರಲ್ಲಿ ಅವರನ್ನು ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು. ಅಲ್ಲಿನ ಫಲಕದಲ್ಲಿ ಆಟಗಾರನ ಟೋಪಿಯ ಮೇಲೆ ಒಂದು ತಂಡದ ಗುರುತು ಇರುವುದು ರೂಢಿ. ಬೆಳೆಸಿದ ತಂಡ, ಬೆಲೆ ಕೊಟ್ಟ ತಂಡ ಎರಡರಲ್ಲಿ ಒಂದನ್ನು ಆರಿಸಲು ಅವರು ಒಪ್ಪಲಿಲ್ಲ. ಫಲಕದಲ್ಲಿ ಅವರ ಟೋಪಿ ಇಂದಿಗೂ ಖಾಲಿ.

1998ರಲ್ಲಿ ಅವರಿಗೆ ಎಎಲ್‌ಎಸ್ ಎಂಬ ನರರೋಗ ಇರುವುದು ಪತ್ತೆಯಾಯಿತು. ಸ್ನಾಯುಗಳ ಬಲವನ್ನು ಒಂದೊಂದಾಗಿ ಕಸಿಯುವ, ವಾಸಿಯಾಗದ ಕಾಯಿಲೆ ಇದು. ಯಾಂಕೀಸ್ ತಂಡದ ಹಳೆಯ ವೀರ ಲೂ ಗೆರಿಗ್ 1941ರಲ್ಲಿ ತೀರಿಕೊಂಡದ್ದೂ ಇದರಿಂದಲೇ. ಒಂದು ಕಾಲದಲ್ಲಿ ಅಮೆರಿಕದ ಶ್ರೀಮಂತರೆಲ್ಲ ಬೆನ್ನು ಹತ್ತಿದ್ದ ಆ ತೋಳುಗಳು ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗದಂತಾದವು. ಮನೆಯಲ್ಲಿ ಬಿದ್ದು ಪೆಟ್ಟು ಮಾಡಿಕೊಂಡ ಹಂಟರ್, ಒಂದು ತಿಂಗಳ ನಂತರ, 1999ರ ಸೆಪ್ಟೆಂಬರ್ 9ರಂದು ಹರ್ಟ್‌ಫರ್ಡಿನಲ್ಲೇ ಕೊನೆಯುಸಿರೆಳೆದರು. ಆಗ ಅವರಿಗೆ 53 ವರ್ಷ. ಅದೇ ರೋಗದ ಪೀಡಿತರಿಗಾಗಿ ಅವರ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಹುಟ್ಟಿಕೊಂಡಿತು.